ದೇವೀರಮ್ಮನ ಕೈ

ನಮ್ಮ ಊರಿನಲ್ಲಿ ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಗಂಡನಿಗೆ ಹೆಂಡತಿಯ ದನಿಯೂ ಹೆಂಡತಿಗೆ ಗಂಡನ ದನಿಯೂ ಕೇಳಿಸುವುದು ನಿಂತುಹೋಗುತ್ತದೆ. ಉಳಿದವರದ್ದೆಲ್ಲ ಕೇಳಿಸುತ್ತದೆ. ತರಕಾರಿಯವಳ ಕೂಗು, ಪಕ್ಕದ ಮನೆಯ ಜಗಳ, ಅಪ್ಪ ಅಮ್ಮನ ಮಾತು, ಯಾವುದಕ್ಕೂ ಅಡ್ಡಿಯಿಲ್ಲ. ಕಟ್ಟಿಕೊಂಡವರದ್ದು ಮಾತ್ರ ಇಲ್ಲ. ತುಟಿ ಆಡುವುದು ಕಾಣುತ್ತದೆ, ಅಷ್ಟೆ. ಊರು ಬಿಟ್ಟು ಹೋದರೂ ಅಷ್ಟೇ, ಫೋನಿನಲ್ಲಿ ಮಾತಾಡಿ ನೋಡಿದರೂ ಅಷ್ಟೇ. ನನಗೆ ನಿಂತದ್ದು ಹತ್ತನೆಯ ತಿಂಗಳಲ್ಲಿ, ಒಂದು ಬುಧವಾರ ಬೆಳಿಗ್ಗೆ. ದೇವೀರಮ್ಮ ಬಚ್ಚಲೊಲೆಯ ಮುಂದೆ ಕೂತು ಏನೋ ಹೇಳುತ್ತಿದ್ದಳು, ಅರ್ಧ ಮಾತಿಗೆ ದನಿ ಕರಗಿತು. ಅವಳಿಗೆ ನನ್ನದು ಇನ್ನೂ ಎರಡು ವಾರ ಕೇಳಿಸುತ್ತಿತ್ತು. ಆ ಎರಡು ವಾರ ನಾನು ತಲೆಗೆ ಬಂದದ್ದನ್ನೆಲ್ಲ ಆಡಿದೆ. ಮುಖ್ಯವಾದದ್ದು ಒಂದೂ ಹೊಳೆಯಲಿಲ್ಲ.

ಇದನ್ನು ನಮ್ಮಲ್ಲಿ ಯಾರೂ ದೊಡ್ಡ ಕಷ್ಟವೆಂದು ಹೇಳಿಕೊಳ್ಳುವುದಿಲ್ಲ. ಹೆಣ್ಣು ಕೊಡುವವರು ಜಾತಕ ಕೇಳುವುದಕ್ಕೆ ಮೊದಲೇ ಮನೆಯಲ್ಲಿ ಮಾತಿನೋರು ಯಾರು ಎಂದು ಕೇಳುತ್ತಾರೆ. ಗಂಡ ಹೆಂಡಿರ ನಡುವೆ ಇದ್ದು ಇವರದ್ದನ್ನು ಅವರಿಗೆ, ಅವರದ್ದನ್ನು ಇವರಿಗೆ ದಾಟಿಸುವವರೇ ಮಾತಿನೋರು. ಅತ್ತೆಯೋ ನಾದಿನಿಯೋ ಬೆಳೆದ ಮಗಳೋ ಆಗಿರುತ್ತಾರೆ. ಯಾರೂ ಇಲ್ಲದ ಮನೆಗೆ ಗೊತ್ತು ಮಾಡಿದವರು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಬಂದು ಹೋಗುತ್ತಾರೆ. ಚೀಟಿ ಬರೆಯಬಾರದೇ ಎಂದು ಹೊರಗಿನವರು ಕೇಳುವುದುಂಟು. ಬರೆಯುತ್ತೇವೆ. ಉಪ್ಪು ಮುಗಿದಿದೆ ಎಂದು ಬರೆಯಬಹುದು. ಉಪ್ಪು ಮುಗಿದು ನಾಲ್ಕು ದಿನವಾದರೂ ನಿಮಗೆ ಲಕ್ಷ್ಯವಿಲ್ಲ ಎನ್ನುವಾಗಿನ ಬೇಸರ ಚೀಟಿಗೆ ಹತ್ತುವುದಿಲ್ಲ. ಅದಕ್ಕೆ ಬಾಯಿಯೇ ಬೇಕು, ಬೇರೆಯವರದ್ದಾದರೂ ಸರಿ.

ನಮ್ಮ ಮನೆಯ ಮಾತಿನೋರು ನನ್ನ ಅಕ್ಕ ಸಣ್ಣತಾಯಮ್ಮ. ಮದುವೆಯಾದ ಏಳನೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವಳು. ಅವಳಿಗೆ ಗಂಡನ ದನಿ ನಿಂತಿರಲೇ ಇಲ್ಲ ಎಂದು ಊರವರು ಒಂದು ಬಗೆಯ ಅಸೂಯೆಯಿಂದ ಹೇಳುತ್ತಿದ್ದರು. ನಾನು ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವವನು, ಬಸ್ ನಿಲ್ದಾಣದ ಹಿಂದೆ ನನ್ನ ಅಂಗಡಿ. ದೇವೀರಮ್ಮ ಪುರಸಭೆಯ ಕಚೇರಿಯಲ್ಲಿ ಟೈಪಿಸ್ಟ್. ಅಕ್ಕ ಅಡಿಗೆಮನೆಗೂ ನಡುಮನೆಗೂ ನಡುವಿನ ಹೊಸ್ತಿಲ ಮೇಲೆ ಕೂತು ಹನ್ನೆರಡು ವರ್ಷ ನಮ್ಮಿಬ್ಬರ ಸಂಸಾರವನ್ನು ಸಾಗಿಸಿದಳು. ನಮ್ಮ ಮನೆಯಲ್ಲಿ ಜಗಳವಿರಲಿಲ್ಲ. ಜಗಳವಾಡಿದವರಿಗೆ ಬುದ್ಧಿ ಹೇಳುವಾಗ ಜನ ನಮ್ಮ ಮನೆಯ ಹೆಸರು ತೆಗೆಯುತ್ತಿದ್ದರು.

ಇಬ್ರಾಹಿಂ ಸಾಹೇಬರು ನನ್ನ ಅಂಗಡಿಗೆ ಒಂದು ಟ್ರಾನ್ಸ್‌ಫಾರ್ಮರ್ ತಂದದ್ದು ಹನ್ನೆರಡನೆಯ ವರ್ಷದಲ್ಲಿ. ಅವರು ನಮ್ಮೂರಿನವರೇ, ಹಡಗುಗಳಲ್ಲಿ ಮೂವತ್ತು ವರ್ಷ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾಗಿ ಬಂದು ನಮ್ಮ ಪಕ್ಕದ ಬೀದಿಯಲ್ಲಿದ್ದರು. ತಂತಿ ಸುತ್ತಿ ಮುಗಿಸಿ ನಾನೇ ಅದನ್ನು ಅವರ ಮನೆಗೆ ಕೊಂಡುಹೋದೆ. ಜಗಲಿಯ ಮೇಲೆ ಸಾಹೇಬರೂ ಅವರ ಬೇಗಂ ಕೂಡ ಎದುರುಬದುರು ಕೂತಿದ್ದರು. ನಡುವೆ ಟೆಲಿಗ್ರಾಂ ಕಚೇರಿಯಲ್ಲಿರುವಂಥ ಒಂದು ಸಣ್ಣ ಹಿತ್ತಾಳೆಯ ಕೀ, ಒಂದು ಬಜರ್. ಬೇಗಂ ಎರಡು ಬೆರಳಲ್ಲಿ ಕೀ ಒತ್ತುತ್ತಿದ್ದರು, ಬಜರ್ ಕೀಚುಗುಟ್ಟುತ್ತಿತ್ತು, ಸಾಹೇಬರು ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು. ಬೈಸಿಕೊಳ್ಳುತ್ತಿದ್ದಾರೆ ಎಂದು ನೋಡಿದರೇ ತಿಳಿಯುತ್ತಿತ್ತು. ನನಗೆ ಆ ಸುಖ ಏನೆಂಬುದು ಮರೆತೇಹೋಗಿತ್ತು.

‘ದನಿ ಹೋಯ್ತು, ಕೈ ಇದೆಯಲ್ಲ ನಂಜಣ್ಣ. ಒಬ್ಬೊಬ್ಬರ ಕೈ ಒಂದೊಂದು ಥರ. ನಮ್ಮ ಬೇಗಂದು ಸಾವಿರ ಜನದ ಮಧ್ಯೆ ಇದ್ರೂ ಗುರುತು ಹಿಡೀತೀನಿ’ ಎಂದರು ಸಾಹೇಬರು. ಆಮೇಲೆ ಒಳಗೆ ಕರೆದು ತಮ್ಮ ರೇಡಿಯೋ ತೋರಿಸಿದರು. ಅದು ಹಾಡು ಕೇಳುವ ರೇಡಿಯೋ ಅಲ್ಲ, ಇವರೂ ಕಳಿಸಬಹುದು, ಅತ್ತಲಿಂದ ಬಂದದ್ದನ್ನು ಕೇಳಲೂಬಹುದು. ಹವ್ಯಾಸಕ್ಕಾಗಿ ಹೀಗೆ ಮಾಡುವವರು ಲೋಕದ ತುಂಬ ಇದ್ದಾರೆಂದೂ, ಸರ್ಕಾರದ ಪರೀಕ್ಷೆ ಪಾಸು ಮಾಡಿದರೆ ಪರವಾನಗಿ ಕೊಡುತ್ತಾರೆಂದೂ, ಒಬ್ಬನೇ ಕಲಿಯುವುದು ಕಷ್ಟವೆಂದೂ ಹೇಳಿದರು. ಒಬ್ಬರು ಕಳಿಸಬೇಕು, ಒಬ್ಬರು ಬರೆದುಕೊಳ್ಳಬೇಕು.

ಮನೆಗೆ ಬಂದು ಅಕ್ಕನ ಮೂಲಕ ದೇವೀರಮ್ಮನನ್ನು ಕೇಳಿಸಿದೆ. ನಾನು ಹೇಳಿದ್ದು, ಅವಳಿಗೆ ಇಷ್ಟವಿದ್ದರೆ ಕಲಿಯಬಹುದು ಎಂದು. ಅಕ್ಕ ಅವಳಿಗೆ ಹೇಳಿದ್ದು, ಅವನೊಬ್ಬನ ಕೈಲಿ ಆಗೋದಿಲ್ಲವಂತೆ, ನೀನಿಲ್ಲದೆ ನಡೆಯೋದಿಲ್ಲವಂತೆ ಎಂದು. ಇದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಅಂತೂ ಅವಳು ಒಪ್ಪಿದಳು.

ದಿನವೂ ಬೆಳಿಗ್ಗೆ ಆರರಿಂದ ಏಳರವರೆಗೆ ನಡುಮನೆಯ ಮೇಜಿನ ಎರಡೂ ಕಡೆ ಕೂರುತ್ತಿದ್ದೆವು. ಚುಕ್ಕೆ ಎಂದರೆ ಚುಟುಕು ಸದ್ದು, ಗೆರೆ ಎಂದರೆ ಉದ್ದನೆಯದು, ಇವೆರಡರಲ್ಲೇ ಇಂಗ್ಲಿಷಿನ ಅಷ್ಟೂ ಅಕ್ಷರಗಳು. ಇಪ್ಪತ್ತು ವರ್ಷ ಟೈಪು ಕುಟ್ಟಿದ ಬೆರಳು ಅವಳದ್ದು, ಮೂರು ವಾರಕ್ಕೆ ನನ್ನನ್ನು ಹಿಂದೆ ಹಾಕಿದಳು. ಮೊದಮೊದಲು ಪುಸ್ತಕದಲ್ಲಿದ್ದ ಅರ್ಥವಿಲ್ಲದ ಅಕ್ಷರಗಳನ್ನಷ್ಟೇ ಕಳಿಸುತ್ತಿದ್ದೆವು. ಒಂದು ದಿನ ನಾನು ಬರೆದುಕೊಳ್ಳುತ್ತ ಹೋದಂತೆ ಆ ಅಕ್ಷರಗಳು ಕೂಡಿಕೊಂಡು ಕನ್ನಡವಾದವು. ‘ಹಾಲು ಕೆಟ್ಟಿದೆ’ ಎಂದು ಕಳಿಸಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಹಾಲಿಗೂ ಹಲ್ಲಿಗೂ ಹೆಚ್ಚು ಅಂತರವಿಲ್ಲ. ನಾನು ಗಾಬರಿಯಾಗಿ ಅವಳಿಗೆ ಹಲ್ಲುನೋವೇ ಎಂದು ಅಕ್ಕನನ್ನು ಕೇಳಿದೆ. ಅಕ್ಕನಿಗೆ ಅದರ ತಲೆಬುಡ ತಿಳಿಯಲಿಲ್ಲ. ಅವಳನ್ನು ಕೇಳದೆ ನಮ್ಮಿಬ್ಬರ ನಡುವೆ ಒಂದು ಮಾತು ಹಾದುಹೋಗಿತ್ತು. ಇಷ್ಟು ವರ್ಷದಲ್ಲಿ ಅದೇ ಮೊದಲು.

ಆಮೇಲೆ ನಾನು ಅವಳ ಕೈಯನ್ನು ಕಲಿತೆ. ಅವಸರದಲ್ಲಿದ್ದಾಗ ಚುಕ್ಕೆಗಳನ್ನು ನುಂಗುತ್ತಿದ್ದಳು. ಬೇಸರವಾದರೆ ಗೆರೆಗಳು ಅಗತ್ಯಕ್ಕಿಂತ ಉದ್ದವಾಗುತ್ತಿದ್ದವು. ಮನಸ್ಸಿಲ್ಲದ ಮಾತಿಗೆ ಮೊದಲು ಒಂದು ಸಣ್ಣ ತಡೆ. ಪರೀಕ್ಷೆಗೆಂದು ದೂರದ ನಗರಕ್ಕೆ ಹೋಗುವಾಗ ಅಕ್ಕನನ್ನು ಬಿಟ್ಟು ಇಬ್ಬರೇ ಹೋದೆವು. ಬಸ್ಸಿನಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡು ಬೆರಳಲ್ಲಿ ತಟ್ಟುತ್ತ ಏಳು ಗಂಟೆ ದಾರಿ ಮಾತಾಡಿದಳು. ಕಚೇರಿಯ ಹೊಸ ಮುಖ್ಯಾಧಿಕಾರಿ ಮೂಗಿನಲ್ಲಿ ಹಾಡಿಕೊಳ್ಳುವುದು, ಅವಳ ತಂಗಿಯ ಸೀಮಂತ, ಕಿಟಕಿಯಾಚೆ ಕಂಡ ಒಂಟೆ. ಎಲ್ಲ ಸಣ್ಣ ಸಣ್ಣ ವಿಷಯ. ಅಕ್ಕನ ಹತ್ತಿರ ಹೇಳಿಕಳಿಸಲು ಯೋಗ್ಯವಲ್ಲವೆಂದು ಹನ್ನೆರಡು ವರ್ಷ ಒಳಗೇ ಉಳಿದ ಬಗೆಯವು. ಊರು ಬಂದಾಗ ನನ್ನ ಮಣಿಕಟ್ಟು ಕೆಂಪಾಗಿತ್ತು.

ಇಬ್ಬರೂ ಪಾಸಾದೆವು. ಅವಳಿಗೆ ನನಗಿಂತ ಹೆಚ್ಚು ಅಂಕ. ನಾನು ಅಂಗಡಿಯ ತಂತಿಯಲ್ಲೇ ಏರಿಯಲ್ ಮಾಡಿ ಮಾಳಿಗೆಯಿಂದ ತೆಂಗಿನ ಮರಕ್ಕೆ ಎಳೆದೆ. ಸಾಹೇಬರ ಹಳೆಯ ಸಾಮಾನಿನಿಂದ ರೇಡಿಯೋ ಜೋಡಿಸಿದೆ. ಜೋಡಿಸುವುದು, ಕೆಟ್ಟರೆ ಬಿಚ್ಚುವುದು ನನ್ನ ಕೆಲಸ. ಜಗತ್ತನ್ನು ಕರೆಯುವುದು ಅವಳ ಕೆಲಸ. ಅವಳು ಕರೆದರೆ ಯಾರಾದರೂ ಉತ್ತರಿಸದೇ ಇರುತ್ತಿರಲಿಲ್ಲ. ಸಮುದ್ರದಾಚೆಯಿಂದ ಕಾರ್ಡುಗಳು ಬಂದವು, ನಿಮ್ಮ ಸದ್ದು ಇಂಥ ದಿನ ಇಂಥ ಹೊತ್ತಿಗೆ ನಮಗೆ ಮುಟ್ಟಿತು ಎಂದು. ಅವನ್ನು ಅಂಟಿಸಲು ಗೋಡೆ ಸಾಲದಾದಾಗ ಅಕ್ಕ ಬೇಸರಪಟ್ಟಳು. ನಾವು ಕೂತಿರುವಾಗ ಅವಳು ಹೊಸ್ತಿಲ ಮೇಲೆಯೇ ಕೂತಿರುತ್ತಿದ್ದಳು. ಮಾತು ನಡೆಯುತ್ತಿದೆ ಎಂದು ಗೊತ್ತು, ಏನೆಂದು ಗೊತ್ತಿಲ್ಲ. ಒಮ್ಮೆ, ಆ ಕೀಚು ಸದ್ದಿನಲ್ಲಿ ತನ್ನ ವಿಷಯ ಬರುತ್ತದೆಯೇ ಎಂದು ಕೇಳಿದಳು. ಇಲ್ಲ ಅಕ್ಕ ಎಂದೆ. ಆಗ ಅದು ನಿಜವಾಗಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಹಳ ದೂರದ ದ್ವೀಪವೊಂದರ ವಯಸ್ಸಾದ ದಂಪತಿ ಸಿಕ್ಕರು. ಗಂಡ ದೋಣಿ ರಿಪೇರಿ ಮಾಡುವವನು, ಹೆಂಡತಿ ನರ್ಸ್. ನನ್ನ ಕೆಲಸಕ್ಕಾಗಿ ಮೂರು ಸಲ ಊರು ಬದಲಿಸಿದೆವು, ಪ್ರತಿ ಊರಿನಲ್ಲೂ ಹೊಸ ಏರಿಯಲ್ ಕಟ್ಟುವುದೇ ಅವನ ದೊಡ್ಡ ಸಂಭ್ರಮ ಎಂದು ಆಕೆ ಕಳಿಸಿದಳು. ದೇವೀರಮ್ಮ ಅವರಿಗೆ ಶುಭ ಹಾರೈಸಿ ರೇಡಿಯೋ ಆರಿಸಿದಳು. ಆಮೇಲೆ ಅಭ್ಯಾಸದ ಬಜರ್ ಎಳೆದುಕೊಂಡು, ಗೆರೆಗಳನ್ನು ಉದ್ದುದ್ದಕ್ಕೆ ಎಳೆದು, ‘ನೀವು ಯಾಕೆ ಬರಲಿಲ್ಲ’ ಎಂದು ಕೇಳಿದಳು.

ಎಲ್ಲಿಗೆ ಎಂದು ಕೇಳಿದೆ. ಮದುವೆಯಾದ ನಾಲ್ಕನೆಯ ವರ್ಷ ಜಿಲ್ಲಾ ಊರಿನ ಟೈಪಿಂಗ್ ಶಾಲೆಯಲ್ಲಿ ಅವಳಿಗೆ ಕಲಿಸುವ ಕೆಲಸ ಬಂದಿತ್ತು. ನನಗೆ ನೆನಪಿತ್ತು. ಅಕ್ಕ ಬಂದು, ಕೆಲಸವೇನೋ ಬಂದಿದೆ, ಅವಳಿಗೆ ಅಷ್ಟು ಮನಸ್ಸಿಲ್ಲ, ಸುಮ್ಮನೆ ನಿನ್ನ ಕಿವಿಗೆ ಹಾಕು ಅಂದಳು ಎಂದಿದ್ದಳು. ಹೋಗುವುದಾದರೆ ನಾನೂ ಬರುತ್ತೇನೆ, ಮೋಟಾರು ಎಲ್ಲ ಊರಿನಲ್ಲೂ ಸುಡುತ್ತದೆ ಎಂದು ನಾನು ಹೇಳಿಕಳಿಸಿದ್ದೆ. ಅವಳಿಗೆ ಮುಟ್ಟಿದ್ದು ಬೇರೆ. ನಿನ್ನಿಷ್ಟ ಅಂತಾನೆ, ಆದರೆ ಅಂಗಡಿ ಬಿಟ್ಟು ಅವನು ಬರುವುದಿಲ್ಲವಂತೆ. ಇದನ್ನೆಲ್ಲ ಚುಕ್ಕೆ ಗೆರೆಗಳಲ್ಲಿ ಒಬ್ಬರಿಗೊಬ್ಬರು ಬಿಡಿಸಿ ಹೇಳಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಅವಳು, ‘ಎಂಟು ವರ್ಷ ನಿಮ್ಮನ್ನ ಮನಸ್ಸಲ್ಲೇ ಬೈದಿದೀನಿ’ ಎಂದು ಕಳಿಸಲು ಹೋದಳು. ಬೈದಿದೀನಿ ಎಂಬಲ್ಲಿ ಅವಳ ಕೈ ಎಡವಿತು. ಮತ್ತೆ ಕಳಿಸಿದಳು, ಮತ್ತೆ ಎಡವಿತು. ಎದ್ದು ಹೋದಳು.

ಅಕ್ಕ ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತು, ನಾಲ್ಕನೆಯ ವರ್ಷ ಅವಳಿಗೆ ನೀನು ಹೇಳಿದ್ದೇನು ಎಂದು ಕೇಳಿದೆ. ಯಾವ ಮಾತು ಎಂದು ಅವಳು ಕೇಳಲಿಲ್ಲ.

‘ನೀವಿಬ್ಬರೂ ಆಡಿದ್ದನ್ನ ಹಂಗಂಗೇ ಸಾಗಿಸಿದ್ದಿದ್ರೆ ಎರಡ್ ವರ್ಷಾನೂ ಬಾಳ್ತಿರ್ಲಿಲ್ಲ ಕಣೋ ನಂಜ’ ಎಂದಳು. ‘ಅವಳು ನಿನ್ನ ಕಲ್ಲು ಅಂದ್ರೆ, ನಾನು ನಿಂಗೆ ಸುಸ್ತಾಗಿರಬೇಕು ಅಂತಾಳೆ ಅಂದೆ. ನೀನು ಅವಳಿಗೇನು ಗೊತ್ತು ಅಂದ್ರೆ, ಅವಳನ್ನೇ ಕೇಳು ಅಂದ ಅಂತ ಹೇಳ್ದೆ. ಒಂದೇ ಒಂದು ದಿನ ನಿಮ್ಮ ಮಾತು ನಿಮ್ಮ ಥರ ಹೇಳಿಲ್ಲ.’

ಅದು ಬೇರೆ, ಇದು ಬೇರೆ ಎಂದೆ.

‘ಹೌದು’ ಎಂದಳು. ‘ಅವೆಲ್ಲ ನಿಮಗೋಸ್ಕರ ಮಾಡ್ದೆ. ಇದೊಂದು ನನಗೋಸ್ಕರ ಮಾಡ್ಕೊಂಡೆ. ನೀವು ಹೊಸ ಊರಲ್ಲಿ ಹೊಸ ಸಂಸಾರ ಹೂಡಿದ್ರೆ ನನ್ನ ಕರೀತೀರೋ ಇಲ್ವೋ ಅಂತ ಭಯ ಆಯ್ತು.’

ನನಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಅವಳು ಆ ಮಾತನ್ನು ಯಾವ ಬಣ್ಣವೂ ಇಲ್ಲದೆ ಹೇಳಿದ್ದರಿಂದ ಅದು ನಿಲ್ಲಲು ಜಾಗ ಸಿಗಲಿಲ್ಲ. ಅವಳು ತನ್ನ ಸ್ವಂತದ್ದೊಂದು ಮಾತನ್ನು ನನ್ನೆದುರು ಆಡಿದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ.

ಐದು ದಿನ ಬಜರಿನ ಮೇಲೆ ಬಟ್ಟೆ ಮುಚ್ಚಿತ್ತು. ದೇವೀರಮ್ಮನಿಗೆ ನನ್ನ ಜೊತೆಯೂ ಮಾತಿಲ್ಲ, ಅಕ್ಕನ ಜೊತೆಯೂ ಇಲ್ಲ. ನಮ್ಮ ಮನೆಯಲ್ಲಿ ಅದು ಮೊದಲ ಜಗಳ. ಹೇಗೆ ಮುಗಿಸಬೇಕೆಂದು ಮೂವರಿಗೂ ರೂಢಿಯಿಲ್ಲ. ಸಾಹೇಬರ ಹತ್ತಿರ ಹೋಗಿ ಹೇಳಿಕೊಂಡೆ. ನಿಜವಾದ ಮಾತು ಶುರುವಾದ ಮೇಲೆ ಮೊದಲ ವರ್ಷ ನಾನೂ ಬೇಗಂ ಕೂಡ ಎರಡು ಸಲ ಊಟ ಬಿಟ್ಟಿದ್ದೆವು ಎಂದರು ಅವರು. ಸಮಾಧಾನಕ್ಕೆ ಹೇಳಿದರೋ ನಿಜವೋ ತಿಳಿಯಲಿಲ್ಲ. ಆರನೆಯ ದಿನ ಸಂಜೆ ಮನೆಗೆ ಬಂದಾಗ ಅಕ್ಕ ತನ್ನ ಕಬ್ಬಿಣದ ಪೆಟ್ಟಿಗೆಯನ್ನು ಜಗಲಿಗೆ ಎಳೆದಿಟ್ಟಿದ್ದಳು. ಕೋಟೆ ಬೀದಿಯ ಒಂದು ಮನೆಗೆ ಮಾತಿನೋರು ಬೇಕಾಗಿದ್ದಾರೆ, ಅಲ್ಲೇ ಇರಲು ಜಾಗವನ್ನೂ ಕೊಡುತ್ತಾರೆ, ನಾಳೆ ಹೋಗುತ್ತೇನೆ ಎಂದಳು. ಇಲ್ಲಿ ಇನ್ನು ಅವಳಿಗೆ ಕೆಲಸವಿಲ್ಲ ಎಂಬುದು ಸುಳ್ಳೇನಲ್ಲ.

ಅಷ್ಟರಲ್ಲಿ ದೇವೀರಮ್ಮ ಕಚೇರಿಯಿಂದ ಬಂದಳು. ಪೆಟ್ಟಿಗೆಯನ್ನು ನೋಡಿದಳು, ದಾಟಿ ಒಳಗೆ ಬಂದಳು. ಬಜರಿನ ಬಟ್ಟೆ ತೆಗೆದು ನನಗೆ ಎದುರು ಕೂರಲು ಕೈತೋರಿಸಿದಳು. ಆ ಟೈಪಿಂಗ್ ಶಾಲೆಗೆ ಅವಳೇ ಪತ್ರ ಬರೆದಿದ್ದಳಂತೆ. ಕಲಿಸುವವರು ಈಗಲೂ ಬೇಕು, ಬರುವ ತಿಂಗಳೇ ಬಂದು ಸೇರಬಹುದು ಎಂದು ಉತ್ತರ ಬಂದಿತ್ತು. ‘ನೀವು ಬರ್ತೀರಾ’ ಎಂದು ಕೇಳಿದಳು. ಈ ಸಲ ನಡುವೆ ಯಾರೂ ಇರಲಿಲ್ಲ. ಬರ್ತೀನಿ ಎಂದು ಕಳಿಸಿದೆ. ಕಳಿಸುವುದಕ್ಕೆ ಮೊದಲು ನನ್ನ ಕೈ ಕೀಯ ಮೇಲೆ ಒಂದು ಕ್ಷಣ ನಿಂತಿತ್ತು. ಎಂಟು ವರ್ಷದ ಹಿಂದೆ ಅಂಗಡಿ ಎಂದರೆ ಒಂದು ಬೆಂಚು, ಎರಡು ಇಕ್ಕಳ. ಈಗ ಸುತ್ತಲಿನ ಹದಿನೆಂಟು ಹಳ್ಳಿಯ ಮೋಟಾರುಗಳು ನನ್ನಲ್ಲಿಗೇ ಬರುತ್ತಿದ್ದವು.

‘ಆ ಮಾತು ಬೇಡ. ಅದಕ್ಕೆ ಮುಂಚೆ ನಿಂತ್ರಲ್ಲ, ಅದನ್ನ ಹೇಳಿ’ ಎಂದು ಕಳಿಸಿದಳು.

ಹೇಳಿದೆ. ಅಂಗಡಿ ಬಿಡಲು ಮನಸ್ಸಿಲ್ಲ ಎಂದೆ. ಆಗ ಬರುತ್ತೇನೆಂದು ನಾನು ಹೇಳಿದ್ದು ನಿಜ, ಈಗ ಆ ಧೈರ್ಯ ನನ್ನಲ್ಲಿ ಉಳಿದಿಲ್ಲ ಎಂದೆ. ಅವಳ ಮುಖ ನೋಡದೆ ಕೀಯನ್ನೇ ನೋಡುತ್ತ ಕಳಿಸಿದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಹಾಗಾದರೆ ಸೋಮವಾರ ಹೋಗಿ ಶುಕ್ರವಾರ ಬರುತ್ತೇನೆ, ಅಲ್ಲೊಂದು ಕೋಣೆ ಮಾಡುತ್ತೇನೆ, ನನಗೆ ಅಲ್ಲಿಗೊಂದು ರೇಡಿಯೋ ಮಾಡಿಕೊಡಿ ಎಂದಳು. ಅವಳ ಚುಕ್ಕೆಗಳು ಚುಕ್ಕೆಯಂತೆ, ಗೆರೆಗಳು ಗೆರೆಯಂತೆ ಇದ್ದವು.

ಆಮೇಲೆ ಎದ್ದು ಜಗಲಿಗೆ ಹೋಗಿ ಅಕ್ಕನ ಮುಂದೆ ನಿಂತು ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು. ನನಗೆ ತುಟಿ ಆಡುವುದಷ್ಟೇ ಕಂಡಿತು. ಅಕ್ಕನಿಗೆ ಎಲ್ಲವೂ ಕೇಳಿಸುತ್ತಿತ್ತು. ಒಂದು ಹಂತದಲ್ಲಿ ಅಕ್ಕ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು. ಹೂಂ ಎಂದಳು, ಇಲ್ಲ ಎಂದಳು, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ದೇವೀರಮ್ಮ ಹಿತ್ತಿಲಿಗೆ ಕೈಕಾಲು ತೊಳೆಯಲು ಹೋದಳು. ನಾನು ಅಕ್ಕನ ಹತ್ತಿರ ಬಂದೆ.

‘ನನ್ನೂ ಜೊತೇಲಿ ಕರಕೊಂಡು ಹೋಗ್ತಾಳಂತೆ’ ಎಂದಳು ಅಕ್ಕ.

ನಾನು ಅವಳ ಮುಖವನ್ನೇ ನೋಡಿದೆ. ನಾನು ಏನು ಯೋಚಿಸುತ್ತಿದ್ದೇನೆಂದು ಅವಳಿಗೆ ತಿಳಿಯಿತು, ತಲೆ ತಗ್ಗಿಸಿದಳು. ದೇವೀರಮ್ಮ ಒಳಗೆ ಬಂದ ಮೇಲೆ, ಅದು ನಿನ್ನದೇ ಮಾತೇ ಎಂದು ಬಜರಿನಲ್ಲಿ ಕೇಳಿಯೇಬಿಟ್ಟೆ. ಅವರು ಸರಿಯಾಗೇ ಹೇಳಿದ್ದಾರೆ ಎಂದಳು. ಕ್ಷಮಿಸಿದೆಯಾ ಎಂದು ಕೇಳಿದೆ. ಇಲ್ಲ ಎಂದಳು. ಮತ್ತೆ ಯಾಕೆ ಎಂದೆ.

‘ಹನ್ನೆರಡು ವರ್ಷ ನಾನು ಆಡಿದ್ದನ್ನ ಪೂರ್ತಿ ಕೇಳಿದೋರು ಅವರೊಬ್ಬರೇ’ ಎಂದು ಕಳಿಸಿದಳು. ‘ಅವರು ಆಡಿದ್ದನ್ನ ನಾನು ಒಂದು ದಿನವೂ ಕೇಳಿಲ್ಲ. ಬರೀ ನಿಮ್ಮದೇ ಕೇಳ್ತಿದ್ದೆ.’

ಆ ತಿಂಗಳು ನಾನು ಅಂಗಡಿಯಲ್ಲಿ ಸಣ್ಣದೊಂದು ರೇಡಿಯೋ ಜೋಡಿಸಿದೆ. ಬುತ್ತಿಯ ಡಬ್ಬಿಯಷ್ಟು ಗಾತ್ರ. ಅದರ ಕಾಯಿಲ್ ಅನ್ನು ನಾಲ್ಕು ಸಲ ಸುತ್ತಿ ನಾಲ್ಕು ಸಲ ಬಿಚ್ಚಿದೆ. ಐದನೆಯ ಸಲ ಸರಿಯಾಯಿತು. ಕೀಯ ಗುಬುಟನ್ನು ಅವಳ ಬೆರಳಿಗೆ ತಕ್ಕಂತೆ ಉಜ್ಜಿದೆ. ಸರ್ಕಾರಕ್ಕೆ ಹೊಸ ವಿಳಾಸ ತಿಳಿಸಿ ಅನುಮತಿ ತರಿಸಿದ್ದಾಯಿತು. ಹೊರಡುವ ದಿನ ಅಕ್ಕ ಬಸ್ಸಿನ ಕಿಟಕಿಯ ಪಕ್ಕ ಕೂತು, ತನಗೆ ಮೊದಲಿನಿಂದಲೂ ಕಿಟಕಿಯ ಪಕ್ಕವೇ ಇಷ್ಟ ಎಂದಳು. ನನಗೆ ಗೊತ್ತಿರಲಿಲ್ಲ.

ಸಂಜೆ ಆರಕ್ಕೆ ಎಂದು ಮಾತಾಗಿತ್ತು. ಐದೂವರೆಗೇ ಅಂಗಡಿ ಮುಚ್ಚಿ ಬಂದು ಕೂತೆ. ಹೊಸ್ತಿಲು ಖಾಲಿ ಇತ್ತು, ಒಲೆ ಹತ್ತಿರಲಿಲ್ಲ. ಆರು ಹೊಡೆದು ಐದು ನಿಮಿಷಕ್ಕೆ, ಗಿಜಿಗುಡುವ ಸದ್ದಿನ ನಡುವೆ ಎಲ್ಲೋ ಅಡಿಯಿಂದ ಅವಳ ಕೈ ಎದ್ದು ಬಂತು. ಕೋಣೆ ಚೆನ್ನಾಗಿದೆ ಎಂದಳು. ಇಪ್ಪತ್ತೆರಡು ಹುಡುಗಿಯರು, ಒಬ್ಬಳಿಗೂ ಬೆರಳು ಇಡಲು ಬರುವುದಿಲ್ಲ ಎಂದಳು. ಅಕ್ಕ ಮಾಲೀಕರ ಹೆಂಡತಿಯ ಹತ್ತಿರ ಒಂದು ಗಂಟೆಯಿಂದ ಮಾತಾಡುತ್ತಿದ್ದಾಳೆ, ಎಲ್ಲ ತನ್ನದೇ ಮಾತು ಎಂದಳು. ಆಮೇಲೆ ಊಟಕ್ಕೇನು ಮಾಡಿಕೊಂಡಿರಿ ಎಂದು ಕೇಳಿದಳು. ಏನೂ ಮಾಡಿಲ್ಲ, ಮನೆಯಲ್ಲಿ ಕೂರಲು ಆಗುತ್ತಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಕಳಿಸಿದೆ. ಈ ಹವ್ಯಾಸದಲ್ಲಿ ಗುಟ್ಟೆಂಬುದಿಲ್ಲ, ಯಾರು ಬೇಕಾದರೂ ಕೇಳುತ್ತಿರಬಹುದು ಎಂಬುದು ಆ ಗಳಿಗೆ ನನಗೆ ಮರೆತಿತ್ತು. ಅವಳು ಉತ್ತರಿಸುವ ಮೊದಲೇ, ಕಿವಿ ಕಿತ್ತುಹೋಗುವಷ್ಟು ಜೋರಾಗಿ, ಪಕ್ಕದ ಬೀದಿಯಿಂದ ಇಬ್ರಾಹಿಂ ಸಾಹೇಬರ ಹಡಗಿನ ಕೈ ನಡುವೆ ನುಗ್ಗಿತು. ಬೇಗಂ ಅನ್ನ ಇಟ್ಟಿದ್ದಾರೆ, ಬಾ, ಅಳುವುದಿದ್ದರೆ ಊಟವಾದ ಮೇಲೆ ಅಳು ಎಂದರು.

ರೇಡಿಯೋ ಹವ್ಯಾಸದ ನಮ್ಮವರಲ್ಲಿ ನಗುವುದಕ್ಕೂ ಒಂದು ಗುರುತಿದೆ. ನಾಲ್ಕು ಚುಕ್ಕೆ, ಸ್ವಲ್ಪ ಬಿಟ್ಟು ಎರಡು ಚುಕ್ಕೆ. ಪರದೇಶದವರು ಏನಾದರೂ ತಮಾಷೆ ಮಾಡಿದಾಗ ದೇವೀರಮ್ಮ ಮರ್ಯಾದೆಗೆಂದು ಅದನ್ನು ಒಂದು ಸಲ ಕಳಿಸುತ್ತಿದ್ದಳು, ರುಜು ಹಾಕಿದ ಹಾಗೆ. ಈಗ ನಲವತ್ತು ಮೈಲಿ ಆಚೆಯಿಂದ ಬಂದ ಚುಕ್ಕೆಗಳಿಗೆ ಎಣಿಕೆಯೇ ಇರಲಿಲ್ಲ. ನಾಲ್ಕಾದವು, ಆರಾದವು, ಒಂದರ ಮೇಲೊಂದು ಬಿದ್ದು ಉರುಳಿದವು, ನಡುವೆ ಕೈ ಜಾರಿ ಒಂದು ಗೆರೆಯೂ ಸೇರಿಕೊಂಡಿತು, ಮತ್ತೆ ಚುಕ್ಕೆಗಳು. ನಾನು ಪೆನ್ಸಿಲ್ ಕೆಳಗಿಟ್ಟು, ಎರಡೂ ಕೈಯಲ್ಲಿ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಅದು ಮುಗಿಯುವವರೆಗೆ ಕೇಳಿದೆ.